ಸಿದ್ದಮ್ಮ ಮತ್ತೆ ಬಿತ್ತಿದ ಹಿಂಗಾರು

ಹೋದ ವರ್ಷ ಹಿಂಗಾರು ಬಿತ್ತನೆಯ ಹೊತ್ತಿಗೆ ಸೇಡಂನಿಂದ ಕಾಳಗಿ ಕಡೆ ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಡ್ರೈವರ್ ಕೆಳಗಿಳಿದು ಟೈರಿಗೆ ಒಂದು ಸಲ ಒದ್ದು, "ಅರ್ಧಾ ತಾಸು ಆಗ್ತದ್ರೆಪಾ, ಚಹಾ ಕುಡಿಯೋರಿದ್ರ ಕುಡೀರಿ" ಎಂದ. ಸುತ್ತ ಎಲ್ಲೂ ಚಹಾದಂಗಡಿ ಇರಲಿಲ್ಲ, ಎರೆಹೊಲ ಇತ್ತು. ನಾನು ಜಾಲಿಮರದ ಕೆಳಗೆ ನಿಂತೆ. ಎದುರಿನ ಹೊಲದಲ್ಲಿ ಒಂದು ಟ್ರ್ಯಾಕ್ಟರ್ ಜೋಳ ಬಿತ್ತುತ್ತಿತ್ತು. ಹಸಿ ಎರೆಮಣ್ಣು ಬಾಯಿ ತೆರೆದಾಗ ಒಂದು ವಾಸನೆ ಬರುತ್ತದೆ, ಹೊಸ ಗಡಿಗೆಯ ನೀರು ಮತ್ತು ಹಳೆಯ ಕಬ್ಬಿಣ ಎರಡೂ ಕೂಡಿದ ಹಾಗೆ. ಅದು ಮೂಗಿಗೆ ಬಂತು. ಪಕ್ಕದಲ್ಲಿ ನಿಂತವರನ್ನು ಕೇಳಿದೆ, "ಇವತ್ತು ವಾರ ಯಾವುದ್ರಿ?"

"ಸೋಮಾರ್ರಿ."

"ಸೋಮವಾರ ಬಿತ್ತಲಿಕತ್ತಾರಲ್ಲ!"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಟ್ರ್ಯಾಕ್ಟರಿಗಿ ಯಾವ ವಾರ್ರೀ ಅಜ್ಜಾರ?" ಎಂದರು.

ನಕ್ಕೆ. ಅವರ ಮಾತು ಸರಿ. ಆದರೆ ಬಸ್ಸು ರಿಪೇರಿಯಾಗಿ ಕಾಳಗಿ ಮುಟ್ಟುವವರೆಗೆ ನನ್ನ ಕಣ್ಣ ಮುಂದೆ ಇದ್ದದ್ದು ಒಂದೇ ವರ್ಷ. ಎಂಬತ್ತರ ದಶಕದ ಮೊದಮೊದಲ ಒಂದು ವರ್ಷ, ಬೇಸಿಗೆಯಿಂದ ಹಿಡಿದು ಹಿಂಗಾರು ಜೋಳ ಮೊಳಕೆ ಒಡೆಯುವವರೆಗೆ.

ಆಗ ನಾನು ಚಿತ್ತಾಪುರ, ಚಿಂಚೋಳಿ ತಾಲೂಕುಗಳು ಒಂದನ್ನೊಂದು ಮುಟ್ಟುವ ಕಡೆ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಸಹಾಯಕನಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಆ ಮನೆಯವರು ಇನ್ನೂ ಆ ಸೀಮೆಯಲ್ಲೇ ಇದ್ದಾರೆ, ಮೊಮ್ಮಕ್ಕಳ ಲಗ್ನಗಳು ಆಗಬೇಕಾಗಿವೆ. ಮನೆಯಲ್ಲೊಬ್ಬರಿಗೆ ತಲೆ ಕೆಟ್ಟಿತ್ತು ಎಂಬ ಮಾತು ಇವತ್ತಿಗೂ ಕೂಡಿಬಂದ ಸಂಬಂಧ ಮುರಿಯುವ ಮಾತೇ. ಜನರ ಹೆಸರನ್ನೂ ಬದಲಿಸಿದ್ದೇನೆ. ಉಳಿದದ್ದು ನಡೆದ ಹಾಗೆಯೇ ಇದೆ.

ನನ್ನದೂ ಎರಡು ಮಾತು ಹೇಳಬೇಕು, ಯಾಕೆಂದರೆ ಮುಂದೆ ಬರುವ ತಪ್ಪು ನನ್ನದು. ನಮ್ಮಪ್ಪ ಶಹಾಬಾದದ ಹತ್ತಿರ ಗಣಿಯಲ್ಲಿ ಫರಸಿ ಕಲ್ಲು ಎಬ್ಬಿಸುತ್ತಿದ್ದ. ನಮಗೆ ಹೊಲವಿಲ್ಲ, ಮನೆಯಿಲ್ಲ, ಪಾಟಿಗೆ ಮಾತ್ರ ಬರವಿರಲಿಲ್ಲ. ಒಡೆದು ಬಿಸಾಡಿದ ಫರಸಿ ಊರ ತುಂಬ ಬಿದ್ದಿರುತ್ತಿತ್ತು, ಇದ್ದಿಲು ಹಿಡಿದು ಕೂತರೆ ಇಡೀ ಊರೇ ಪಾಟಿ. ಹಾಗೆ ಕಲಿತು, ಹಾಸ್ಟೆಲ್ಲಿನಲ್ಲಿ ಬೆಳೆದು, ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು ಮೂರನೆಯ ಸಲ ಎದ್ದು ಬಿ.ಎ. ಪಾಸಾದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟಿಗೆ ಮಸಿ ಹತ್ತಿಸಿಕೊಳ್ಳದ ಮೊದಲ ಕೈ ನನ್ನದು. ಆ ಹೆಮ್ಮೆ ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ. ಆ ವರ್ಷ ಅದು ಸ್ವಲ್ಪ ಹೆಚ್ಚೇ ಇತ್ತು.

ಆ ಬೇಸಿಗೆ ನನ್ನನ್ನು ಬೆಂಗಳೂರಿಗೆ ಹದಿನೈದು ದಿನದ ತರಬೇತಿಗೆ ಕಳಿಸಿದರು. ಮನೋರೋಗದ ತರಬೇತಿ. ಅಲ್ಲಿಯವರೆಗೆ ನಮ್ಮ ಕಡೆ ತಲೆ ಕೆಟ್ಟವರಿಗೆ ಇದ್ದ ದಾರಿಗಳು ಕೆಲವೇ. ದೇವರ ಗುಡಿಯಲ್ಲಿ ತಿಂಗಳುಗಟ್ಟಲೆ ಕೂರಿಸುವುದು. ತಾಯತ ಕಟ್ಟಿಸುವುದು. ಕೈ ಮೀರಿದರೆ ದನದ ಕೊಟ್ಟಿಗೆಯ ಕಂಬ. ಅದೂ ಮೀರಿದರೆ ಪೊಲೀಸರು, ಮ್ಯಾಜಿಸ್ಟ್ರೇಟರ ಹುಕುಂ, ರೈಲು. ಹೈದರಾಬಾದ್ ಸರ್ಕಾರವಿದ್ದಾಗ ಆ ರೈಲು ಒಂದು ದಿಕ್ಕಿಗೆ ಹೋಗುತ್ತಿತ್ತು, ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇನ್ನೊಂದು ದಿಕ್ಕಿಗೆ, ಧಾರವಾಡದ ಹುಚ್ಚಾಸ್ಪತ್ರೆಗೆ. ಗೆಳೆಯರು ಜಗಳವಾಡುವಾಗ "ಇವನ್ನ ಧಾರವಾಡಕ್ಕ ಕಳಸಬೇಕ್ ನೋಡು" ಎಂದು ಬೈಯುವುದು ನಮ್ಮಲ್ಲಿ ಆಗಲೇ ರೂಢಿಯಾಗಿತ್ತು. ಈಗ ತರಬೇತಿಯಲ್ಲಿ ಹೇಳಿಕೊಟ್ಟದ್ದು ಬೇರೆ: ಎಲ್ಲರನ್ನೂ ಎಲ್ಲಿಗೂ ಕಳಿಸಬೇಕಾಗಿಲ್ಲ, ಮನೆಯಲ್ಲೇ ಇಟ್ಟು, ಗುಳಿಗೆ ಕೊಟ್ಟು, ತಿಂಗಳಿಗೊಂದು ಸೂಜಿ ಮಾಡಿ, ಅವರವರ ಕೆಲಸಕ್ಕೆ ಅವರನ್ನು ಹಚ್ಚಬಹುದು. ಕೇಳಿ ನನಗೆ ಮೈ ಬಿಸಿಯಾಯಿತು. ನೋಟ್‌ಬುಕ್ ತುಂಬ ಬರೆದುಕೊಂಡು ಬಂದೆ.

ಮೇ ತಿಂಗಳಲ್ಲಿ ಜಿಲ್ಲಾ ಊರಿನಿಂದ ಮನೋರೋಗದ ಡಾಕ್ಟರು ಜೀಪಿನಲ್ಲಿ ಹಳ್ಳಿಹಳ್ಳಿ ತಿರುಗಿದರು. ಮೈಸೂರು ಕಡೆಯವರು, ಸಣ್ಣ ಆಳು, ಬಿಸಿಲಿಗೆ ಮುಖ ಕೆಂಪಗಾಗಿ ಒದ್ದೆ ಕರವಸ್ತ್ರ ತಲೆಗೆ ಹಾಕಿಕೊಂಡು ಕೂರುತ್ತಿದ್ದರು. ಅವರ ಜೊತೆ ನಾನು, ನಮ್ಮ ಸುಶೀಲಾ ಸಿಸ್ಟರು. ನಮ್ಮ ಕೇಂದ್ರದಿಂದ ಐದು ಮೈಲಿ ದೂರದ ಒಂದು ಹಳ್ಳಿಯಲ್ಲಿ ಸಿದ್ದಮ್ಮನನ್ನು ನೋಡಿದ್ದು ಆಗಲೇ.

ಇಪ್ಪತ್ತೈದರ ಹೆಂಗಸು. ಗೋಡೆಗೆ ಮುಖ ಮಾಡಿ ಕೂತಿದ್ದಳು. ಎರಡು ವರ್ಷದಿಂದ ಬೀಸುವ ಕಲ್ಲಿನೊಳಗಿಂದ ಯಾರೋ ಅವಳ ಹೆಸರು ಹಿಡಿದು ಬೈಯುತ್ತಿದ್ದರಂತೆ. ಮೊದಲು ಬೀಸುವುದು ಬಿಟ್ಟಳು, ಆಮೇಲೆ ಉಣ್ಣುವುದು, ಆಮೇಲೆ ನಿದ್ದೆ. ಸನ್ನತಿಗೆ ಒಯ್ದು ಚಂದ್ರಲಾಂಬೆಯ ಸನ್ನಿಧಿಯಲ್ಲಿ ಭೀಮಾ ನದಿಯ ದಂಡೆಗೆ ತಿಂಗಳು ಇಟ್ಟಿದ್ದರು. ಅಲ್ಲಿ ನಾಲ್ಕು ದಿನ ನಿದ್ದೆ ಬಂತಂತೆ, ಊರಿಗೆ ಬಂದ ಮೇಲೆ ಮತ್ತೆ ಅದೇ. ಇಷ್ಟನ್ನೂ ಹೇಳಿದವಳು ಅವಳ ಅತ್ತೆ ಭಾಗಮ್ಮ. ಅರವತ್ತರ ಹತ್ತಿರದ, ಬಾಯಿ ಜೋರಿನ, ಸೊಂಟದಲ್ಲಿ ಕೈ ಇಟ್ಟೇ ಮಾತಾಡುವ ಮುದುಕಿ.

"ಇಕಿ ಹಿಂಗ್ ಇರಾಕಿ ಅಲ್ರಿ," ಎಂದಳು ಡಾಕ್ಟರಿಗೆ. "ನಮ್ ಸೀಮ್ಯಾಗ ಕೂರಿಗಿ ಹಿಂದ ಇಕಿ ಕೈ ಅಂದ್ರ ಕೈ. ಬ್ಯಾರೆ ಮಂದಿನೂ ಬಿತ್ತಾಕ ಕರೀತಿದ್ರು. ಈಗ ಬೀಜದ ಚೀಲ ಮುಟ್ಟಲಿಕ್ಕ ಯಾರೂ ಬಿಡಂಗಿಲ್ಲ."

ಕೂರಿಗೆ ನೋಡದವರಿಗಾಗಿ ಬರೆಯುತ್ತೇನೆ, ಇನ್ನು ಮುಂದೆ ನೋಡುವವರೂ ಕಡಿಮೆ. ಎತ್ತು ಎಳೆಯುವ ಬಿತ್ತನೆಯ ಸಾಧನ ಅದು. ಮೇಲೆ ಒಂದು ಮರದ ಬಟ್ಟಲು, ಅದರಿಂದ ಮೂರು ಬಿದಿರಿನ ಕೊಳವೆ ಮೂರು ಸಾಲಿಗೆ ಇಳಿದಿರುತ್ತವೆ. ಒಬ್ಬ ಎತ್ತು ಹೊಡೆಯುತ್ತಾನೆ. ಹಿಂದೆ ನಡೆಯುವ ಹೆಂಗಸು ಮುಷ್ಟಿಯಲ್ಲಿ ಬೀಜ ಹಿಡಿದು, ಬೆರಳ ಸಂದಿಯಿಂದ ಒಂದೇ ಹದದಲ್ಲಿ ಬಟ್ಟಲಿಗೆ ಬಿಡುತ್ತ ಹೋಗಬೇಕು. ಕೈ ತಡವರಿಸಿದರೆ ಒಂದು ಕಡೆ ದಟ್ಟ, ಒಂದು ಕಡೆ ಖಾಲಿ. ಆ ಹೊತ್ತಿಗೆ ಯಾರಿಗೂ ಕಾಣುವುದಿಲ್ಲ, ಮಣ್ಣು ಮುಚ್ಚಿರುತ್ತದೆ. ಹತ್ತು ದಿನದ ಮೇಲೆ ಮೊಳಕೆ ಬಂದಾಗ ಊರಿಗೆಲ್ಲ ಕಾಣುತ್ತದೆ, ಬೆಳೆ ಕೊಯ್ಯುವವರೆಗೂ ಕಾಣುತ್ತಲೇ ಇರುತ್ತದೆ.

ಡಾಕ್ಟರು ಸಿದ್ದಮ್ಮನಿಗೆ ಸೂಜಿ ಬರೆದರು. ತಿಂಗಳಿಗೊಂದು, ನಾನೂ ಸಿಸ್ಟರೂ ಮನೆಗೇ ಹೋಗಿ ಕೊಡಬೇಕು. ಔಷಧ ಮಂದ, ಸಿರಿಂಜಿನಲ್ಲಿ ಹನಿಹನಿಯಾಗಿ ಏರುತ್ತಿತ್ತು. ಭಾಗಮ್ಮ ಅನುಮಾನದಿಂದ, "ಇದೇನ್ರಿ ಹಿಂಗ್ ಜಿಗಿ ಜಿಗಿ ಅದ?" ಎಂದಳು. ಎಳ್ಳೆಣ್ಣೆಯಲ್ಲಿ ಕರಗಿಸಿದ ಔಷಧ ಎಂದೆ. ಅವಳ ಮುಖ ಸಡಿಲಾಯಿತು. "ಎಳ್ಳೆಣ್ಣಿ ಆದ್ರ ಆತು, ತಂಪು" ಎಂದು ಸೊಸೆಯ ತೋಳು ತಾನೇ ಹಿಡಿದು ಕೊಟ್ಟಳು.

ಜೂನ್, ಜುಲೈ ಎರಡು ಸೂಜಿ ಆದವು. ಮಳೆ ಹಿಡಿದಿತ್ತು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಚಪ್ಪಲಿಯನ್ನು ನುಂಗುತ್ತದೆ, ನಾನೂ ಸಿಸ್ಟರೂ ಚಪ್ಪಲಿ ಕೈಯಲ್ಲಿ ಹಿಡಿದು, ಒಂದೊಂದು ಕಾಲು ಕಲ್ಲಿನಷ್ಟು ಭಾರ ಮಾಡಿಕೊಂಡು ಐದು ಮೈಲಿ ನಡೆಯುತ್ತಿದ್ದೆವು. ಜುಲೈ ಕೊನೆಗೆ ಹೋದಾಗ ಸಿದ್ದಮ್ಮ ಬಾಗಿಲಲ್ಲಿ ನಿಂತಿದ್ದಳು. "ಬರ್ರಿ, ಕುಂದ್ರಿ" ಎಂದಳು. ಅವಳ ದನಿ ನಾನು ಕೇಳಿದ್ದು ಅದೇ ಮೊದಲು. ಒಳಗೆ ಬೀಸುವ ಕಲ್ಲಿನ ಸದ್ದು, ಭಾಗಮ್ಮ ಬೀಸುತ್ತಿದ್ದಳು. "ಕಲ್ಲು ಮಾತಾಡ್ತದೇನವ್ವಾ?" ಎಂದು ಸಿಸ್ಟರು ಕೇಳಿದರು. ಸಿದ್ದಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟು, "ಇಲ್ರಿ. ಬರೇ ಬೀಸಲಿಕತ್ತದ" ಎಂದಳು.

ಮರಳುವ ದಾರಿಯಲ್ಲೂ ಅದೇ ಎರೆಮಣ್ಣು, ಅದೇ ಐದು ಮೈಲಿ. ಇಬ್ಬರ ಕಾಲೂ ಹಗುರಾಗಿದ್ದವು.

ಆಗಸ್ಟಿನಲ್ಲಿ ಸಿದ್ದಮ್ಮನ ಕೈ ನಡುಗಲು ಹತ್ತಿತು. ನೀರಿನ ಚರಿಗೆ ಹಿಡಿದರೆ ಚರಿಗೆ ಬಡಬಡ ಅನ್ನುತ್ತಿತ್ತು. ಆ ಔಷಧಕ್ಕೆ ಕೆಲವರಿಗೆ ಹಾಗೆ ಆಗುತ್ತದೆ, ಅದಕ್ಕೊಂದು ಸಣ್ಣ ಬಿಳಿ ಗುಳಿಗೆ ಇದೆ ಎಂದು ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ಕೆಳಗೆ ಕೆಂಪು ಗೆರೆ ಎಳೆದು, ಡಾಕ್ಟರು ನೋಡಿಯೇ ಕೊಡಬೇಕು ಎಂದೂ ಇತ್ತು. ನಮ್ಮ ಕೇಂದ್ರದ ಡಾಕ್ಟರ ಕುರ್ಚಿ ಆ ವರ್ಷ ಖಾಲಿ. ಮನೋರೋಗದ ಡಾಕ್ಟರ ಜೀಪು ಮಳೆಗಾಲದಲ್ಲಿ ಹಳ್ಳ ದಾಟುವುದಿಲ್ಲ. ಅವರು ತಿಂಗಳಿಗೊಂದು ಸಲ ನಮ್ಮ ಕೇಂದ್ರಕ್ಕೆ ಬರುತ್ತಿದ್ದರು, ಮೊದಲ ಸೋಮವಾರ. ಸಿದ್ದಮ್ಮ ಅಲ್ಲಿಗೆ ಬರಬೇಕಿತ್ತು.

ಸೋಮವಾರ ಎಂದು ಗೊತ್ತು ಮಾಡಿದ್ದು ನಾನೇ. ಡಾಕ್ಟರು ಸೋಮವಾರ ಅಥವಾ ಗುರುವಾರ ಎಂದು ಕೇಳಿದ್ದರು. ಗುರುವಾರ ನಮ್ಮ ಊರಿನ ಬಜಾರ, ಜನ ವ್ಯಾಪಾರದ ಗಡಿಬಿಡಿಯಲ್ಲಿ ಇರುತ್ತಾರೆ, ಸೋಮವಾರ ಶಾಂತವಾಗಿರುತ್ತದೆ ಎಂದು ಯೋಚಿಸಿ ಹೇಳಿದ್ದೆ. ಶಾಂತವಾಗಿಯೇ ಇತ್ತು. ಜೂನಿನಲ್ಲಿ ಊರೊಳಗಿನವರು ಇಬ್ಬರು ಬಂದರು, ಜುಲೈನಲ್ಲಿ ಒಬ್ಬರು, ಆಗಸ್ಟಿನಲ್ಲಿ ಯಾರೂ ಇಲ್ಲ. ಸಿದ್ದಮ್ಮನ ಗಂಡ ಮಲ್ಲಣ್ಣ ಬಜಾರಿನಲ್ಲಿ ಸಿಕ್ಕಾಗ, ಸೋಮವಾರ ಕರೆದುಕೊಂಡು ಬಾ ಎಂದು ನಾಲ್ಕು ಸಲ ಹೇಳಿದೆ. ಅವನು ನೆಲ ನೋಡುತ್ತ, "ಸೋಮಾರ ಹ್ಯಾಂಗ್ ಬರಬೇಕ್ರಿ?" ಎನ್ನುತ್ತಿದ್ದ. ನಾನು ಅದಕ್ಕೆ ಭಾಷಣ ಕೊಡುತ್ತಿದ್ದೆ. ರೋಗಕ್ಕೆ ವಾರ-ತಿಥಿ ಇಲ್ಲ, ಕಾಲ ಬದಲಾಗಿದೆ, ಮೂಢನಂಬಿಕೆ ಬಿಡಬೇಕು, ಇತ್ಯಾದಿ. ಅವನು ಪೂರ್ತಿ ಕೇಳಿ, "ಹೌದ್ರಿ" ಎಂದು ಹೋಗುತ್ತಿದ್ದ. ಯಾಕೆ ಆಗುವುದಿಲ್ಲ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲದಿರಬಹುದು ಎಂದು ಅವನಿಗೂ ಹೊಳೆಯಲಿಲ್ಲ.

ಮೂರು ತಿಂಗಳ ವರದಿ ಕಳಿಸಬೇಕಿತ್ತು. ನನ್ನ ಅಕ್ಷರ ದುಂಡಗೆ, ಕಚೇರಿಯಲ್ಲಿ ಎಲ್ಲರೂ ಹೊಗಳುತ್ತಿದ್ದರು. ಆ ಅಕ್ಷರದಲ್ಲಿ ಬರೆದೆ: "ಈ ಭಾಗದ ಜನರಲ್ಲಿ ಅರಿವಿನ ಕೊರತೆ ಇರುವುದರಿಂದ ರೋಗಿಗಳು ಬರುತ್ತಿಲ್ಲ." ಬರೆದು ಎರಡು ಸಲ ಓದಿಕೊಂಡೆ. ವಾಕ್ಯ ಚೆನ್ನಾಗಿ ಬಂದಿದೆ ಅನ್ನಿಸಿತು.

ಆಗಸ್ಟ್ ಕೊನೆಗೆ ಸೂಜಿ ಹಿಡಿದು ಹೋದಾಗ ಸಿದ್ದಮ್ಮ ಸಿಸ್ಟರನ್ನು ತಡೆದಳು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಇವತ್ತೊಂದು ಮಾಡ್ರಿ. ಮುಂದ ಬ್ಯಾಡ. ಉತ್ತರಿ ಮಳಿ ಬಿದ್ರ ಬಿತ್ತಿಗಿ ಬರ್ತದ. ಕೂರಿಗಿ ಹಿಂದ ನಿಂದ್ರಲಾರದಾಕಿ ಈ ಮನ್ಯಾಗ ಏನ್ ಮಾಡ್ಲಿ? ಮಂದಿ ಹುಚ್ಚಿ ಅಂದ್ರ ಅನ್ಲಿ."

"ಸೂಜಿ ಬಿಟ್ರ ಕಲ್ಲು ಮತ್ತ ಬೈತದಲ್ಲವ್ವಾ," ಎಂದರು ಸಿಸ್ಟರು.

"ಬೈಲಿ. ಕೈಯರ ನನ್ನವು ಇರ್ತಾವ."

ಭಾಗಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನನ್ನನ್ನೇ ನೋಡಿದಳು. "ತಲಿ ಬೇಕಂದ್ರ ಕೈ ಹೋಗ್ತದ, ಕೈ ಬೇಕಂದ್ರ ತಲಿ ಹೋಗ್ತದ. ಇದೆಂಥಾ ಔಷಧ್ರೀ ನಿಮ್ಮದು?"

ಸೋಮವಾರ ಕರೆತನ್ನಿ ಎಂದೆ. ಸಿದ್ದಮ್ಮ ಆ ತಿಂಗಳ ಸೂಜಿಗೆ ತೋಳು ಕೊಟ್ಟಳು.

ಸೆಪ್ಟೆಂಬರಿನ ಮೊದಲ ಸೋಮವಾರ ಡಾಕ್ಟರು ಬಂದು ಹನ್ನೆರಡರವರೆಗೆ ಕೂತರು. ಒಂದು ನಾಯಿ ಬಂತು, ವರಾಂಡದಲ್ಲಿ ಮಲಗಿತು. ಡಾಕ್ಟರು ಫೈಲು ಮುಚ್ಚಿದರು. "ಮುಂದಿನ ತಿಂಗಳಿಂದ ಈ ಕಡೆ ಬರೋದು ನಿಲ್ಲಿಸೋಣ ಅಂತಿದ್ದಾರೆ, ಮೇಲಿನವರು. ನಿಮ್ಮ ರಿಪೋರ್ಟೇ ಹಾಗೆ ಹೇಳುತ್ತಲ್ಲ. ನಾನೇನು ಮಾಡ್ಲಿ, ಹೇಳಿ?" ಎಂದು ಜೀಪು ಹತ್ತಿದರು.

ನನಗೆ ಸಿಟ್ಟು ಬಂತು. ಜನರ ಮೇಲೆ. ಊಟ ಬಿಟ್ಟು, ಉರಿಬಿಸಿಲಲ್ಲಿ ಸಿದ್ದಮ್ಮನ ಊರಿನ ದಾರಿ ಹಿಡಿದೆ. ಹೋಗಿ ನಾಲ್ಕು ಮಾತು ಅನ್ನಬೇಕು ಎಂದೇ ಹೊರಟಿದ್ದೆ. ಹಳ್ಳ ದಾಟಿ ಊರ ಮುಂದಕ್ಕೆ ಬಂದಾಗ ಕಾಲು ನಿಧಾನವಾದವು. ಅಲ್ಲಿಯವರೆಗೆ ನಾನು ಆ ಊರಿಗೆ ಸೋಮವಾರ ಹೋಗಿರಲಿಲ್ಲ, ಸೋಮವಾರ ನಾನು ಕೇಂದ್ರದಲ್ಲಿ ರೋಗಿಗಳ ದಾರಿ ಕಾಯುತ್ತಿದ್ದೆನಲ್ಲ. ಬೇವಿನ ಮರಗಳ ನೆರಳಿಗೆ ಊರಿನ ಎತ್ತುಗಳೆಲ್ಲ ನಿಂತಿದ್ದವು. ಮೈ ತೊಳೆದಿತ್ತು. ಹಣೆಗೆ ವಿಭೂತಿ. ಬಂಡಿಗಳು ಮೂಕಿ ನೆಲಕ್ಕೆ ಊರಿ, ನೊಗ ಬಿಚ್ಚಿ, ಸಾಲಾಗಿ ಬಿದ್ದಿದ್ದವು. ಇಡೀ ಊರಲ್ಲಿ ಒಂದು ಗಾಲಿ ತಿರುಗುತ್ತಿರಲಿಲ್ಲ.

ಭಾಗಮ್ಮ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನ ಮುಖ ನೋಡಿ, "ಯಾಕ್ರೀ ಸಾಹೇಬ್ರ, ಯಾರ ಮ್ಯಾಲ ಜಗಳಕ್ಕ ಹೊಂಟೀರಿ?" ಎಂದಳು.

"ಎತ್ತು ಯಾಕ ಕಟ್ಟಿ ಹಾಕ್ಯಾರ?" ಎಂದೆ.

ಅವಳು ಮೊರ ಕೆಳಗಿಟ್ಟಳು. ನಾನು ತಮಾಷೆ ಮಾಡುತ್ತಿದ್ದೇನೋ ಏನೋ ಎಂದು ಒಂದು ಗಳಿಗೆ ನೋಡಿದಳು. "ಸೋಮಾರ ಯಾರರ ಬಸವಣ್ಣನ ಹೆಗಲಿಗಿ ನೊಗ ಇಡ್ತಾರೇನ್ರಿ? ನಿಮಗ ಐತ್ವಾರ ರಜಾ ಇಲ್ಲೇನು? ಹಂಗ ಅವಕ್ಕ ಸೋಮಾರ." ಆಮೇಲೆ ನಗಲು ಹತ್ತಿದಳು. "ಯವ್ವಾ, ಸಾಹೇಬ್ರಿಗಿ ಇದು ಗೊತ್ತೇ ಇಲ್ಲ! ಮಲ್ಲ್ಯಾ, ಬಾ ಇಲ್ಲಿ! ಅದಕ್ಕ ಇವರು ಸೋಮಾರ ಸೋಮಾರ ಅಂತ ಕುಣಿಲಿಕತ್ತಾರ!"

ಮಲ್ಲಣ್ಣ ಒಳಗಿಂದ ಬಂದು ನನ್ನ ಮುಖ ನೋಡಿ, ನಗು ನುಂಗಿಕೊಂಡು ಮತ್ತೆ ಒಳಗೆ ಹೋದ.

ನಾನು ಕಟ್ಟೆಯ ಮೇಲೆ ಕೂತೆ. ನಮ್ಮ ಮನೆಯಲ್ಲಿ ಎತ್ತಿರಲಿಲ್ಲ. ಗಣಿಯಲ್ಲಿ ಕಲ್ಲು ಹೊತ್ತದ್ದು ಮನುಷ್ಯರ ತಲೆ ಮತ್ತು ಲಾರಿ, ಅವಕ್ಕೆ ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ. ಆಮೇಲೆ ಹಾಸ್ಟೆಲ್ಲು, ಆಮೇಲೆ ಪುಸ್ತಕ. ಹಳ್ಳಿಯವನು ಎಂದು ಎಲ್ಲ ಅರ್ಜಿಯಲ್ಲೂ ಬರೆದವನಿಗೆ ಹಳ್ಳಿಯ ವಾರವೇ ತಿಳಿದಿರಲಿಲ್ಲ.

"ನಡಕೊಂಡು ಬರಬಹುದಿತ್ತಲ್ಲ?" ಎಂದೆ. ಸೋತವನ ಮಾತು ಅದು.

ಭಾಗಮ್ಮನ ನಗು ನಿಂತಿತು. "ಐದು ಮೈಲ್ರಿ. ನಡುವ ಎರಡು ಊರು. ಹುಚ್ಚಿನ್ನ ನಡಿಸಿಕೊಂಡು ಹೊಂಟಾರ ಅಂತ ಮಂದಿ ಬಾಗಲಾಗ ನಿಂತು ನೋಡ್ಬೇಕೇನು? ಗಾಡಿಗಿ ಗುಡಾರ ಕಟ್ಟಿದ್ರ ಒಳಗ ಯಾರದಾರ ಅಂತ ಯಾರಿಗೂ ತಿಳಿಯಂಗಿಲ್ಲ."

"ಹಂಗಾದ್ರ ಒಂದು ದಿವ್ಸ ಜಿಲ್ಲಾ ಆಸ್ಪತ್ರೆಗೇ ಕರ್ಕೊಂಡು ಹೋಗೋಣ. ನಾನೇ ಬರ್ತೀನಿ."

"ಅದೊಂದು ಅನಬ್ಯಾಡ್ರಿ."

ಸ್ವಲ್ಪ ಹೊತ್ತು ಬೇಳೆಯಲ್ಲಿ ಬೆರಳಾಡಿಸಿದಳು. ಆಮೇಲೆ, ಬೇಳೆಗೇ ಹೇಳುವ ಹಾಗೆ ಹೇಳಿದಳು. ಅವಳಿಗೊಬ್ಬ ಅಣ್ಣನಿದ್ದ. ತಲೆ ಕೆಟ್ಟಿತು. ಆಗ ನಿಜಾಮನ ಕಾಲ, ಪೊಲೀಸರು ಚಿತ್ತಾಪುರಕ್ಕೆ ಒಯ್ದು ಹುಕುಂ ಮಾಡಿಸಿ ವಾಡಿ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದರು. ಎರಡು ವರ್ಷದ ಮೇಲೆ ಹುಚ್ಚಾಸ್ಪತ್ರೆಯಿಂದ ಒಂದು ಕಾಗದ ಬಂತು. ಪಟೇಲರು ಓದಿ ಹೇಳಿದರು: ಮನುಷ್ಯ ಆರಾಮಾಗಿದ್ದಾನೆ, ಮನೆಯವರು ಬಂದು ಕರೆದುಕೊಂಡು ಹೋಗಿರಿ.

"ನಮ್ಮಪ್ಪ ಆ ಕಾಗದ ಗೂಡಿನ್ಯಾಗ ಇಟ್ಟ. ನಾನೂ ನಮ್ಮಕ್ಕನೂ ಲಗ್ನಕ್ಕ ಬಂದಿದ್ವಿ. ಹುಚ್ಚ ಮನ್ಯಾಗದಾನ ಅಂದ್ರ ಯಾರ್ ಮಾಡ್ಕೋತಾರ? ಮೊದಲ ಲಗ್ನ ಆಗ್ಲಿ, ಆಮ್ಯಾಲ ತರೋಣಂತಂದ. ಅಕ್ಕಂದು ಆತು. ನಂದು ಆತು. ಆಮ್ಯಾಲ ಅಪ್ಪ ಹ್ವಾದ. ಅಣ್ಣ ಬರಲಿಲ್ಲ." ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. "ನನ್ನ ಲಗ್ನದ ಅನ್ನ ಅಂವ ಉಣಲಿಲ್ರಿ. ಈ ಹುಡುಗಿನ್ನ ನಾ ವಾಡಿ ದಾಟಸಂಗಿಲ್ಲ. ಇಲ್ಲೇ ಆರಾಮ ಆಗ್ಬೇಕು. ಆಗ್ತದ ಅಂತ ನೀವೇ ಅಂದೀರಿ."

ಹೌದು, ಅಂದಿದ್ದೆ.

ಮರುದಿನ ಮೊದಲ ಬಸ್ಸಿಗೆ ಜಿಲ್ಲಾ ಊರಿಗೆ ಹೋದೆ. ಡಾಕ್ಟರ ಕೋಣೆಯ ಮುಂದೆ ಎರಡು ತಾಸು ನಿಂತೆ. ಒಳಗೆ ಕರೆದಾಗ ಎತ್ತಿನ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಅಲ್ರೀ, ಇದನ್ನ ಮೊದಲೇ ಹೇಳಬಾರ್ದಾ? ನಾನು ಮೈಸೂರಿನವನು, ನನಗೆ ಹೇಗೆ ಗೊತ್ತಾಗಬೇಕು? ನೀವು ಈ ಕಡೆಯವರು."

"ನನಗೂ ಗೊತ್ತಿರಲಿಲ್ಲ ಸರ್."

"ನಿಮಗೂ?"

"ನಮ್ಮ ಮನೆಯಲ್ಲಿ ಎತ್ತಿರಲಿಲ್ಲ."

ಅವರು ನಗಲಿಲ್ಲ. ಅದಕ್ಕಾಗಿ ಇವತ್ತಿಗೂ ಅವರನ್ನು ನೆನೆಯುತ್ತೇನೆ. ಗುರುವಾರ ಅವರಿಗೆ ಬೇರೆ ಕೆಲಸವಿತ್ತು. ಡೈರಿ ತಿರುವಿ ಹಾಕಿ, "ಈ ಗುರುವಾರವಲ್ಲ, ಬರೋ ಗುರುವಾರ. ಒಂದು ಸಲ ಬರ್ತೀನಿ. ಅವತ್ತೂ ನಾಯಿನೇ ಬಂದ್ರೆ ಆಮೇಲೆ ನನ್ನ ಕೇಳಬೇಡಿ" ಎಂದರು. "ಮತ್ತೆ ಇದನ್ನ ಬರೆದುಕೊಡಿ. ನಿಮ್ಮ ರಿಪೋರ್ಟು ಮೇಲೆ ಹೋಗಿ ಕೂತಿದೆ. ಅದನ್ನ ನೀವೇ ಇಳಿಸಬೇಕು."

ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ಹಿಂದಿನ ವರದಿಯ ಸಾಲನ್ನು ಮೊದಲು ಬರೆದುಕೊಂಡು ಅದರ ಕೆಳಗೆ, ಸೋಮವಾರ ಈ ಭಾಗದಲ್ಲಿ ಎತ್ತು ಹೂಡುವುದಿಲ್ಲ, ದಿನ ಗೊತ್ತು ಮಾಡಿದವನು ನಾನು, ಅರಿವಿನ ಕೊರತೆ ಇದ್ದದ್ದು ನನ್ನಲ್ಲಿ, ಎಂದು ಬರೆದೆ. ಸಹಿ ಮಾಡಿದೆ. ಅಷ್ಟು ಕಷ್ಟಪಟ್ಟು ಕಲಿತ ಸಹಿ. ಕೆಟ್ಟದಾಗಿ ಬಂತು.

ದಿನ ಬದಲಾದ ಸುದ್ದಿಯನ್ನು ನಾನೂ ಸಿಸ್ಟರೂ ಹಳ್ಳಿಹಳ್ಳಿಗೆ ಮುಟ್ಟಿಸಿದೆವು. ಆ ಗುರುವಾರ ಬೆಳಿಗ್ಗೆ ಸಿಸ್ಟರು ಕೇಂದ್ರದ ಗೇಟಿನಲ್ಲೇ ನಿಂತು, "ಬರ್ತಾರೇನ್ರಿ?" ಎಂದು ನನ್ನನ್ನು ಹತ್ತು ಸಲ ಕೇಳಿದ್ದರು. ಒಂಬತ್ತಕ್ಕೆ ಮೊದಲ ಬಂಡಿ ಬಂತು. ಹತ್ತಕ್ಕೆ ನಮ್ಮ ಅಂಗಳದಲ್ಲಿ ಜಾಗವಿರಲಿಲ್ಲ. ಮೆಣಸಿನಕಾಯಿ ಚೀಲದ ನಡುವೆ ಒಬ್ಬ ಅಜ್ಜ, ಕುರಿಗಳ ಜೊತೆ ಒಬ್ಬ ಹರೆಯದವ, ಬಳೆ ಇಡಿಸಲು ಹೊರಟವರ ಗುಂಪಿನಲ್ಲಿ ಮಾತು ಬಿಟ್ಟ ಒಬ್ಬ ಹೆಂಗಸು. ನಾನು ಗಡಿಬಿಡಿ ಎಂದು ಹೆದರಿದ್ದ ಬಜಾರವೇ ಅವರಿಗೆ ಮರೆಯಾಗಿತ್ತು. ಬಜಾರದ ದಿನ ಎಲ್ಲಿಗೆ ಹೊರಟಿರಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಡಾಕ್ಟರು ಕಿಟಕಿಯಿಂದ ನೋಡಿ, "ನಾಯಿಗೆ ಜಾಗ ಸಾಲಲ್ಲ ಇವತ್ತು" ಎಂದರು.

ಗುಡಾರ ಕಟ್ಟಿದ ಬಂಡಿಯಿಂದ ಭಾಗಮ್ಮ, ಹಿಂದೆ ಸಿದ್ದಮ್ಮ ಇಳಿದರು. ಡಾಕ್ಟರು ಕೈ ಚಾಚಲು ಹೇಳಿದರು. ನಡುಗಿತು. "ನಿಮ್ಮ ಕೆಲಸಕ್ಕೆ ಇದರಿಂದ ಎಷ್ಟು ತೊಂದರೆ?" ಎಂದರು. ಅವಳು ಭಾಗಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಮಲ್ಲಣ್ಣ ಬಂಡಿಯಿಂದ ಒಂದು ಬೊಗಸೆ ಜೋಳ ತಂದ. ಸಿದ್ದಮ್ಮ ಮೇಜಿನ ಮೇಲಿದ್ದ ಸೂಜಿ ಇಡುವ ಸ್ಟೀಲಿನ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಮುಷ್ಟಿ ತುಂಬಿ, ಕಾಳು ಬಿಡತೊಡಗಿದಳು. ಟಣ್.. ಟಣ್ಟಣಟಣ.. ಏನೂ ಇಲ್ಲ.. ಟಣಟಣ.. ಡಾಕ್ಟರು ಕಣ್ಣು ಮುಚ್ಚಿ ಕೇಳಿದರು.

"ಹೇಗಿರಬೇಕಿತ್ತು?"

ಭಾಗಮ್ಮ ಮುಂದೆ ಬಂದು, ಸೊಸೆಯ ಕೈಯಿಂದ ಕಾಳು ತೆಗೆದುಕೊಂಡು ತಾನು ಬಿಟ್ಟಳು. ಜಿಟಿಜಿಟಿ ಸೋನೆ ತಗಡಿನ ಮೇಲೆ ಬಿದ್ದ ಹಾಗಿತ್ತು. "ನಂದೂ ಬರೋಬರಿ ಇಲ್ರಿ, ವಯಸ್ಸಾತು. ಇಕಿದು ಇದಕ್ಕಿಂತ ಚಲೋ ಇತ್ತು. ಬಿತ್ತಿಗಿಗಿ ಹತ್ತು ಹನ್ನೆರಡು ದಿನ ಅದಾವ."

ಡಾಕ್ಟರು ಸೂಜಿಯ ಪ್ರಮಾಣ ಇಳಿಸಿದರು, ಬಿಳಿ ಗುಳಿಗೆ ಬರೆದರು. "ಹನ್ನೆರಡು ದಿನದಲ್ಲಿ ಆಗುತ್ತೆ ಅಂತ ಮಾತು ಕೊಡಲಾರೆ. ಆದರೆ ಆಗಬಹುದು" ಎಂದರು. ಹೊರಡುವಾಗ ನನ್ನ ಹತ್ತಿರ ಬಂದು, ಗುರುವಾರದ ಕೆಲಸ ಬೇರೆ ದಿನಕ್ಕೆ ಹಾಕಿಕೊಳ್ಳುತ್ತೇನೆ ಎಂದರು.

ಮುಂದಿನ ದಿನಗಳದ್ದು ಭಾಗಮ್ಮ ಹೇಳಿದ್ದು. ದಿನಾ ಬೆಳಿಗ್ಗೆ ಸಿದ್ದಮ್ಮ ಪಡಸಾಲೆಯಲ್ಲಿ ಹಿತ್ತಾಳೆಯ ದೊಡ್ಡ ತಟ್ಟೆ, ಪರಾತ, ಬೋರಲು ಹಾಕಿ ಅದರ ಮೇಲೆ ಕಾಳು ಬಿಡುವುದು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅತ್ತೆ ಅದನ್ನು ಕೇಳುವುದು. "ಇಲ್ಲ" ಎಂದು ಕೂಗುವುದು. ಮತ್ತೆ ಬಳಿದು, ಮತ್ತೆ ಬಿಡುವುದು. "ಇಲ್ಲ." ಒಂಬತ್ತನೆಯ ದಿನ ಭಾಗಮ್ಮನಿಗೆ ರೊಟ್ಟಿ ಬಡಿಯುವುದು ನಿಂತುಹೋದದ್ದೇ ತಿಳಿಯಲಿಲ್ಲವಂತೆ. ಹಂಚಿನ ಮೇಲಿನ ರೊಟ್ಟಿ ಸುಟ್ಟುಹೋಯಿತಂತೆ.

ಉತ್ತರಿ ಮಳೆ ಎರಡು ದಿನ ಹೊಡೆದು ಬಿಟ್ಟಿತು. ಹೊಲ ಹದಕ್ಕೆ ಬಂತು. ಭಾವಕಿಯ, ಅಂದರೆ ದಾಯಾದಿ ಮನೆತನದ, ಹಿರಿಯನೊಬ್ಬ ಅಂಗಳಕ್ಕೆ ಬಂದು, ಬೀಜ ಲಕ್ಷ್ಮಿ, ಕೆಟ್ಟ ತಲೆಯವಳ ಕೈಗೆ ಕೊಡಬೇಡಿ ಎಂದನಂತೆ. ಭಾಗಮ್ಮ, "ಬಿತ್ತೂದು ತಲೀಲೆ ಅಲ್ಲೋ ಮಾವ, ಕೈಲೆ. ಮತ್ತ ತಲೀನೂ ಈಗ ನಿನಗಿಂತ ಬರೋಬರಿ ಅದ" ಎಂದು ಕಳಿಸಿದಳು.

ನಾನು ನೋಡಲು ಹೋದೆ. ಬುಧವಾರ ಅದು, ವಾರ ಕೇಳಿಕೊಂಡೇ ಹೋಗಿದ್ದೆ. ಬದುವಿನ ಮೇಲೆ ನಿಂತೆ. ಮಲ್ಲಣ್ಣ ಎತ್ತು ಹೊಡೆಯುತ್ತಿದ್ದ, ಸಿದ್ದಮ್ಮ ಸೀರೆ ಮೇಲೆ ಕಟ್ಟಿ, ಉಡಿಯಲ್ಲಿ ಬೀಜ ತುಂಬಿಕೊಂಡು ಹಿಂದೆ ನಡೆಯುತ್ತಿದ್ದಳು. ಮುಷ್ಟಿ ಬಟ್ಟಲಿನ ಮೇಲೆ ಇಟ್ಟ ಹಾಗೇ ಇತ್ತು, ಬೆರಳು ಅಲುಗುವುದು ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ. ಬೆಳ್ಳಕ್ಕಿಗಳು ಅವಳ ಹಿಂದೆ ಇಳಿಯುತ್ತಿದ್ದವು. ನನ್ನ ಎದುರಿಗೆ ಬಂದಾಗ ತಲೆ ಎತ್ತಿ ನೋಡಿದಳು. ನಕ್ಕಳು. ಎರಡೂ ಕೈ ಎತ್ತಿ, "ಶರಣ್ರೀ ಸಾಹೇಬ್ರ" ಎಂದಳು. ನಾನೂ ಕೈ ಮುಗಿದೆ. ಎತ್ತು ನಿಲ್ಲಲಿಲ್ಲ, ಹೋಯಿತು. ಅವಳೂ ಹೋದಳು.

ಎರಡು ವಾರದ ಮೇಲೆ ಸೂಜಿ ಹಿಡಿದು ಹೋದಾಗ ಭಾಗಮ್ಮ ಒಳಗೆ ಕರೆಯಲಿಲ್ಲ. "ಮೊದಲ ಹೊಲಕ್ಕ ನಡೀರಿ, ನಿಮ್ಮದೊಂದು ತಪರಾಕಿ ಬಾಕಿ ಅದ" ಎಂದು ಮುಂದೆ ನಡೆದಳು. ಸಿಸ್ಟರೂ ಬಂದರು, ಸಿದ್ದಮ್ಮ ಹಿಂದೆ ಹಿಂದೆ, ಬಾಯಿಗೆ ಸೆರಗು ಹಿಡಿದು. ನಾನು ನಿಂತಿದ್ದ ಬದುವಿನ ಎದುರಿಗೆ ಕರಿಮಣ್ಣಿನಲ್ಲಿ ಜೋಳ ಬೆರಳುದ್ದ ಎದ್ದಿತ್ತು. ಅಲ್ಲೊಂದು ಕಡೆ, ಮೂರು ಸಾಲಿನಲ್ಲೂ ಒಂದೇ ನೇರಕ್ಕೆ, ಎರಡು ಮೊಳದಷ್ಟು ಬರೀ ಮಣ್ಣು.

"ನೋಡ್ರಿ," ಎಂದಳು ಭಾಗಮ್ಮ, ಸೊಂಟದ ಮೇಲೆ ಕೈ ಇಟ್ಟು. "ಇಲ್ಲಿ ಬಿದ್ದದ ನಿಮ್ಮ ಶರಣು. ಮೂರು ಸಾಲು ಉಪಾಸ!"

ಸಿಸ್ಟರು ನಕ್ಕರು. ನಾನು ಬಗ್ಗಿ ಆ ಖಾಲಿಯನ್ನೇ ನೋಡುತ್ತಿದ್ದೆ.

"ಅದನ್ನ ಏನ್ ನೋಡ್ತೀರಿ," ಎಂದಳು ಸಿದ್ದಮ್ಮ ಹಿಂದಿನಿಂದ. "ಉಳಿದದ್ದು ನೋಡ್ರಿ."

ಎದ್ದು ನಿಂತು ನೋಡಿದೆ. ಹೊಲದ ಆ ತುದಿಯ ಜಾಲಿಮರದವರೆಗೆ ಮತ್ತೆಲ್ಲೂ ಖಾಲಿ ಇರಲಿಲ್ಲ.